ಅಪ್‌ಡೇಟ್: ಹಳೆಯ ಲಾನ್ ಮೂವರ್ ಬದುಕಿತು

ಹೋದ ವಾರ ಕೇಳಿದ್ದೆನಲ್ಲ, ಹನ್ನೊಂದು ವರ್ಷದ ಪೆಟ್ರೋಲ್ ಲಾನ್ ಮೂವರ್ ಸ್ಟಾರ್ಟ್ ಆಗಿ ಎರಡೇ ನಿಮಿಷಕ್ಕೆ ನಿಂತುಹೋಗುತ್ತದೆ, ರಿಪೇರಿ ಮಾಡಲಾ, ಹೊಸದು ತರಲಾ ಅಂತ. ರಿಪೇರಿಯೇ ಗೆದ್ದಿತು.

ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಉಪಯೋಗವಾಗಲಿಲ್ಲ. ಏರ್ ಫಿಲ್ಟರ್ ಕೊಡವಿದೆ, ರಾಶಿ ಧೂಳು ಬಿತ್ತು ಅಷ್ಟೇ. ಕೆಲಸಕ್ಕೆ ಬಂದದ್ದು ‘ಕಾರ್ಬ್ಯುರೇಟರ್ ಬಿಚ್ಚಿ ನೋಡಿ’ ಎಂದವರ ಮಾತು. ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ ಅದು. ಅದರ ಕೆಳಗಿನ ಬಟ್ಟಲು ಕಳಚಿದರೆ ತಳದಲ್ಲಿ ಜೇನುತುಪ್ಪದ ಬಣ್ಣದ ಅಂಟು! ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲ್ ಕೆಟ್ಟು ಹಾಗಾಗಿತ್ತು. ತಪ್ಪು ನನ್ನದೇ, ಮಷೀನನ್ನು ಸುಮ್ನೆ ಬೈದಿದ್ದೆ.

ಗೊತ್ತಿಲ್ಲದ ವಿಷಯ ಒಂದಿತ್ತು. ನನ್ನ ಮಷೀನಿನಲ್ಲಿ ಆ ಬಟ್ಟಲನ್ನು ಹಿಡಿದಿರುವ ಬೋಲ್ಟೇ ಜೆಟ್, ಅಂದರೆ ಎಂಜಿನ್‌ಗೆ ಹೋಗುವ ಪೆಟ್ರೋಲ್ ಅಳೆದು ಬಿಡುವ ಭಾಗ. ಅದರಲ್ಲಿ ಸೂಜಿಮೊನೆಯಷ್ಟು ತೂತು, ಪೂರ್ತಿ ಕಟ್ಟಿಕೊಂಡಿತ್ತು. ಕ್ಲೀನರ್ ಸ್ಪ್ರೇ ಹೊಡೆದು, ತಾಮ್ರದ ತಂತಿಯ ಒಂದೇ ಎಳೆ ತೂರಿಸಿದೆ. ಬೆಳಕಿಗೆ ಹಿಡಿದಾಗ ಆಚೆಕಡೆ ಕಂಡಿತು. ಹೊಸ ಪೆಟ್ರೋಲ್ ಹಾಕಿ ಹಗ್ಗ ಎಳೆದೆ, ಎರಡನೇ ಎಳೆತಕ್ಕೇ ಶುರು! ಇಡೀ ಹುಲ್ಲು ಕತ್ತರಿಸಿ ಮುಗಿಸಿದೆ, ಒಮ್ಮೆಯೂ ನಿಲ್ಲಲಿಲ್ಲ.

ಡೆಕ್ (ಬ್ಲೇಡಿನ ಮೇಲಿನ ಲೋಹದ ಹೊದಿಕೆ) ತುಕ್ಕು ಹಿಡಿದು ತೂತಾಗಿದ್ದರೆ, ಇಲ್ಲವೇ ಕ್ರ್ಯಾಂಕ್‌ಶಾಫ್ಟ್ (ಬ್ಲೇಡ್ ತಿರುಗಿಸುವ ಎಂಜಿನ್ ದಂಡ) ಬಗ್ಗಿದ್ದರೆ ಹೊಸದೇ ತನ್ನಿ ಅಂದಿದ್ದರು ಒಬ್ಬರು. ನೋಡಿದೆ, ಎರಡೂ ಇಲ್ಲ. ಬ್ಲೇಡ್ ಮಾತ್ರ ಮೊಂಡಾಗಿದೆ, ಈ ಭಾನುವಾರ ಸಾಣೆ ಹಿಡಿಸಬೇಕು.