ಸಹಾಯ ಬೇಕು: ತವರಲ್ಲಿ ಹುಟ್ಟಿದ ಮಗು ಯಾವ ಊರಿನ ಲೆಕ್ಕಕ್ಕೆ?

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ವ್ಯಾಪ್ತಿಯ ಹಳ್ಳಿಗಳ ಜನನ ದರ, ಮರಣ ದರ ತೆಗೆದು ಕೊಡಬೇಕಿದೆ. ಸೂತ್ರ ಗೊತ್ತು: ವರ್ಷದ ಜನನಗಳನ್ನು ವರ್ಷದ ನಡುವಿನ ಜನಸಂಖ್ಯೆಯಿಂದ ಭಾಗಿಸಿ 1000ದಿಂದ ಗುಣಿಸುವುದು. ತೊಡಕಿರುವುದು ಯಾವ ಸಂಖ್ಯೆ ಹಾಕಬೇಕು ಅನ್ನುವುದರಲ್ಲಿ.

ನಮ್ಮ ಕಡೆ ಚೊಚ್ಚಲ ಹೆರಿಗೆ ಜಾಸ್ತಿ ತವರಲ್ಲೇ ಅಲ್ವಾ. ತಾಯಿ ಕಾರ್ಡ್ ನಮ್ಮಲ್ಲಿ, ಹೆರಿಗೆ ಬೇರೆ ತಾಲ್ಲೂಕಿನ ಆಸ್ಪತ್ರೆಯಲ್ಲಿ, ಬಾಣಂತನ ಇನ್ನೊಂದು ಊರಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ಹಾಗಾಗಿ ನೋಂದಣಿ ಲೆಕ್ಕ ನೋಡಿದರೆ ಕೆಲವು ಹಳ್ಳಿಗಳಲ್ಲಿ ಮಗುವೇ ಹುಟ್ಟಿಲ್ಲ ಅನ್ನುವ ಹಾಗಿದೆ. ಅದೇ ಹಳ್ಳಿಯ ಅಂಗನವಾಡಿಗೆ ಲಸಿಕೆ ದಿನ ಹೋದರೆ, ಕೂಸು ಎತ್ತಿಕೊಂಡ ತಾಯಂದಿರು ಬಾಗಿಲವರೆಗೂ ಕೂತಿರುತ್ತಾರೆ! ಸಾವಿನದೂ ಹೀಗೇ. ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಂಡವರು ಅಲ್ಲಿನ ಲೆಕ್ಕಕ್ಕೆ ಹೋಗುತ್ತಾರೆ.

ಆಶಾ ಕಾರ್ಯಕರ್ತೆಯರ ಪಟ್ಟಿ ತರಿಸಿ ಹೆಸರು ಹೆಸರು ಹಿಡಿದು ಹೋಲಿಸಿದೆ. ತಾಳೆಯಾಗುತ್ತಿಲ್ಲ. ಜನಸಂಖ್ಯೆಗೂ 2011ರ ಜನಗಣತಿ ಒಂದು ಹೇಳುತ್ತದೆ, ಆಶಾ ಮನೆ ಸಮೀಕ್ಷೆ ಇನ್ನೊಂದು. ಸುಮ್ನೆ ಯಾವುದೋ ಅಂಕಿ ಬರೆದು ಕಳಿಸಲು ಮನಸ್ಸು ಬರುತ್ತಿಲ್ಲ. ಮುಂದಿನ ವರ್ಷ ಎಷ್ಟು ಮಕ್ಕಳಿಗೆ ಲಸಿಕೆ ಬೇಕು ಅನ್ನುವ ಅಂದಾಜಿಗೂ ಇದೇ ಆಧಾರ.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಹಳ್ಳಿವಾರು ದರಕ್ಕೆ ಜನನ, ಮರಣವನ್ನು ಖಾಯಂ ವಾಸದ ಊರಿನ ಪ್ರಕಾರ ಎಣಿಸಬೇಕೋ, ನೋಂದಣಿಯಾದ ಜಾಗದ ಪ್ರಕಾರವೋ? ಭಾಗಿಸಲು ಯಾವ ಜನಸಂಖ್ಯೆ ಹಿಡಿಯಬೇಕು?