ಟೊಮ್ಯಾಟೊ ತಳ ಕರೇ ಆಗೋದಕ್ಕ ಎಪ್ಸಮ್ ಸಾಲ್ಟ್ ಮದ್ದಲ್ಲ

ಠಾಣೆ ಮಾಮಾ: (ಫಾರ್ವರ್ಡ್) 🍅 ಟೊಮ್ಯಾಟೊ ಕಾಯಿಯ ತಳ ಕಪ್ಪಾಗುತ್ತಿದೆಯೇ? ಒಂದು ಲೀಟರ್ ನೀರಿಗೆ ಎರಡು ಚಮಚ ಎಪ್ಸಮ್ ಸಾಲ್ಟ್ ಬೆರೆಸಿ ವಾರಕ್ಕೊಮ್ಮೆ ಹಾಕಿ. ರೋಗ ಮಾಯ! ಎಲ್ಲರಿಗೂ ಕಳಿಸಿ 🙏

ಠಾಣೆ ಮಾಮಾ: ಪುಣೆ ಕೋಥ್ರೂಡದವ್ರು ಓದ್ರಿ. ನಿನ್ನೆ ಸೊಸೈಟಿ ಗಾರ್ಡನ್ ಫೋಟೋ ಹಾಕಿದ್ರಲ್ಲ, ಅದ ರೋಗ ಇದು

ಸಣ್ಣ ಅತ್ಯಾ: ಹೌದ ನೋಡು!! ಗಾರ್ಡನ್ ಫಂಡ್‌ನಾಗ ರೊಕ್ಕ ಅದ, ಐದು ಕಿಲೋ ಚೀಲ ಆರ್ಡರ್ ಮಾಡಿಬಿಡ್ಲೇನು

ನಾನು: ಅತ್ಯಾ ತಡೀರಿ, ಆರ್ಡರ್ ಮಾಡಬ್ಯಾಡ್ರಿ. ಮಾಮಾ ಸಿಟ್ಟಾಗಬ್ಯಾಡ್ರಿ ಆದ್ರ ಈ ಮೆಸೇಜ್ ಪೂರಾ ಉಲ್ಟಾ ಅದ. ಎಪ್ಸಮ್ ಸಾಲ್ಟ್ ಅಂದ್ರ ಮೆಗ್ನೀಷಿಯಂ ಸಲ್ಫೇಟ್. ತಳ ಕರೇ ಆಗೋದು ಕಾಯಿಗೆ ಕ್ಯಾಲ್ಸಿಯಂ ಮುಟ್ಟದಿದ್ದಾಗ. ಮಣ್ಣಾಗ ಮೆಗ್ನೀಷಿಯಂ ಹೆಚ್ಚಾತಂದ್ರ ಬೇರು ಕ್ಯಾಲ್ಸಿಯಂ ತೊಗೊಳ್ಳೋದು ಇನ್ನೂ ಕಮ್ಮಿ ಆಗ್ತದ, ಅಂದ್ರ ಇದ್ದ ತ್ರಾಸು ಹೆಚ್ಚಾಗ್ತದ

ಠಾಣೆ ಮಾಮಾ: ಹಂಗಾದ್ರ ಕ್ಯಾಲ್ಸಿಯಂ ಹಾಕ್ರಿ. ಎಲಿ ಅಡಕಿ ಸುಣ್ಣ ನೀರಾಗ ಕಲಿಸಿ ಹಾಕಿದ್ರಾತು, ಅದಕ್ಕೇನು ದೊಡ್ಡ ವಿಚಾರ

ನಾನು: ಸುಣ್ಣನೂ ಬ್ಯಾಡ ಮಾಮಾ. ಪುಣೆ ಕರಿ ಮಣ್ಣು ಬಸಾಲ್ಟ್ ಕಲ್ಲಿಂದ ಆಗಿದ್ದು, ಅದ್ರಾಗ ಕ್ಯಾಲ್ಸಿಯಂ ಮೊದ್ಲ ಬೇಕಾದಷ್ಟು ಅದ, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತಿ) ಸಹಿತ ಹೆಚ್ಚಿಗೇನ ಇರ್ತದ. ಮ್ಯಾಲೆ ಸುಣ್ಣ ಸುರುವಿದ್ರ ಗಿಡಕ್ಕ ಕಬ್ಬಿಣ, ಜಿಂಕ್ ಸಿಗೂದಿಲ್ಲ, ಹೊಸಾ ಎಲಿ ಹಳದಿ ಬೀಳ್ತಾವ

ತಂಗಿ: ಮಣ್ಣಾಗ ಅದ ಅಂತಿ, ಕಾಯಿಗೆ ಮುಟ್ಟೂದಿಲ್ಲ ಅಂತಿ. ಮತ್ತ ಅದು ಎಲ್ಲೆ ಹೋಗ್ತದ ಅಣ್ಣಾ

ನಾನು: ಇದ ಖರೇ ಪ್ರಶ್ನೆ. ಕ್ಯಾಲ್ಸಿಯಂ ಗಿಡದಾಗ ನೀರಿನ ಜೋಡಿನ ಮ್ಯಾಲೆ ಏರ್ತದ, ಬ್ಯಾರೆ ದಾರಿ ಇಲ್ಲ. ಬಿಸಲಿಗೆ ಎಲಿಯಿಂದ ನೀರು ಆವಿ ಆಗ್ತಿರ್ತದ ಅಂತ ಎಲಿನ ಎಲ್ಲಾ ಜಗ್ಗಿಕೊಳ್ತದ, ಕಾಯಿಂದ ಆವಿ ಆಗೋದು ಭಾಳ ಕಮ್ಮಿ, ಹಿಂಗಾಗಿ ನೀರು ಕಮ್ಮಿ ಬಿದ್ದ ದಿನ ಕಾಯಿಗೆ ಏನೂ ಉಳಿಯೂದಿಲ್ಲ, ಅದ್ರಾಗೂ ತೊಟ್ಟಿನಿಂದ ದೂರ ಇರೋ ತಳಕ್ಕ ಮೊದ್ಲ ಪೆಟ್ಟು. ಒಮ್ಮೆ ಎಲಿಗೆ ಹೋದ ಕ್ಯಾಲ್ಸಿಯಂ ಹೊಳ್ಳಿ ಕಾಯಿಗೆ ಬರೂದಿಲ್ಲ. ನಿನ್ನೆ ಫೋಟೋ ಝೂಮ್ ಮಾಡಿ ನೋಡ್ರಿ, ತೊಟ್ಟಿನ ಕಡೆ ಹಸರ ಹಂಗ ಅದ, ತಳದಾಗ ಎಂಟಾಣೆ ಅಗಲ ಒಣಗಿ ಬಿರುಸಾಗಿ ಒಳಗ ತಗ್ಗು ಬಿದ್ದದ. ಎಲಿ ಮ್ಯಾಲೆ ಒಂದೂ ಚುಕ್ಕಿ ಇಲ್ಲ. ಇದು ಅಂಟೋ ರೋಗ ಅಲ್ಲ, ಬಾಜೂ ಗಿಡಕ್ಕ ಹಬ್ಬೂದಿಲ್ಲ

ನಾನು: ನಮ್ಮಲ್ಲೆ ಆಗಿದ್ದು ನೀರಿನ ಪಾಳಿದು. ಶನಿವಾರ ಭಾನುವಾರ ಯಾರೂ ಇಳಿಯೂದಿಲ್ಲ, ಮಡಿ ಬಿರುಕು ಬಿಡ್ತದ, ಸೋಮವಾರ ಒಬ್ರು ಪೈಪ್ ಹಚ್ಚಿ ಮರ್ತು ಹೋಗ್ತಾರ, ಕೆಸರು

ತಂಗಿ: ಶನಿವಾರ ನಮ್ಮ ಪಾಳಿ. ನಾವು ಹಾಕೇವಿ. ನಮ್ಮ ಹೆಸರು ತೊಗೊಬ್ಯಾಡ ಗ್ರೂಪ್‌ನಾಗ 😡

ನಾನು: ನಿನ್ನ ಹೆಸರು ತೊಗೊಂಡಿಲ್ಲಬೇ, ಮಡಿ ಭಾನುವಾರ ಸಂಜಿಗೆ ಹೆಂಗಿತ್ತು ಅನ್ನೋದು ಹೇಳಿದೆ. ಒಬ್ರ ತಪ್ಪಲ್ಲ, ಪಾಳಿನ ಸರಿ ಇಲ್ಲ

ಸಣ್ಣ ಅತ್ಯಾ: ಜಗಳ ಬ್ಯಾಡ್ರಪಾ. ಈಗೇನು ಮಾಡೋದು ಅದನ್ನ ಹೇಳು

ನಾನು: ಒಂದು, ಜ್ಯೂಸ್ ಗಾಡಿಯವನ ಕಡೆ ಕಬ್ಬಿನ ಸಿಪ್ಪಿ ಕೇಳೋಣ, ಸಂಜಿಗೆ ಹೆಂಗೂ ಕಸಕ್ಕ ಹಾಕ್ತಾನ, ಅದನ್ನ ಒಣಗಿಸಿ ಗಿಡದ ಬುಡದ ಸುತ್ತ ನಾಕು ಬೆರಳು ದಪ್ಪ ಹಾಸಿದ್ರ ಹಸಿ ಲಗು ಆರೂದಿಲ್ಲ, ಕಾಂಡಕ್ಕ ಮಾತ್ರ ತಾಗಿಸಬಾರ್ದು. ಆಮ್ಯಾಲೆ ಫಂಡ್ ರೊಕ್ಕದಾಗ ಡ್ರಿಪ್ ಪೈಪ್ ಮತ್ತ ಒಂದು ಟೈಮರ್ ತರೋಣ. ಪುಣೆ ಜಿಲ್ಲಾದಾಗಿನ ನಾರಾಯಣಗಾಂವ್ ಕಡೆ ಟೊಮ್ಯಾಟೊ ಬೆಳಿಯೋರು ಡ್ರಿಪ್ ಹಾಕೋದು ನೀರು ಉಳಿಸಲಿಕ್ಕೆ ಅಷ್ಟ ಅಲ್ಲ, ದಿನಾ ಒಂದ ಅಳತಿ ಬೀಳಲಿ ಅಂತ. ಯೂರಿಯಾ ಯಾರೂ ಹಾಕಬ್ಯಾಡ್ರಿ, ಎಲಿ ಸೊಂಪಾಗಿ ಬಂದಷ್ಟೂ ಕಾಯಿಗೆ ಕಮ್ಮಿ ಆಗ್ತದ

ಠಾಣೆ ಮಾಮಾ: ಅದ ನಾರಾಯಣಗಾಂವದವ್ರು ಕ್ಯಾಲ್ಸಿಯಂ ನೈಟ್ರೇಟ್ ಕೊಡ್ತಾರ. ನಾನೂ ಓದೇನಿ

ನಾನು: ಕೊಡ್ತಾರ ಮಾಮಾ, ಡ್ರಿಪ್ ನೀರಾಗ ಕಲಿಸಿ ಕೊಡ್ತಾರ. ನಮ್ಮ ಗೇಟ್ ಕಡೆ ಇರೋ ಗ್ರೋ ಬ್ಯಾಗ್‌ಗೆ ಅದು ಬೇಕಾಗಬಹುದು, ಅದ್ರಾಗ ತುಂಬಿದ ಕೋಕೋಪೀಟ್‌ನಾಗ (ತೆಂಗಿನ ನಾರಿನ ಪುಡಿ) ಕ್ಯಾಲ್ಸಿಯಂ ಭಾಳ ಕಮ್ಮಿ ಇರ್ತದ. ನೆಲದ ಮಡಿಗೆ ಬ್ಯಾಡ. ಎಪ್ಸಮ್ ಸಾಲ್ಟ್‌ಗೂ ಅದರದ ಜಾಗಾ ಅದ, ಹಳೇ ಎಲಿ ನರ ಹಸರ ಉಳಿದು ನಡುವ ಹಳದಿ ಆದ್ರ ಮೆಗ್ನೀಷಿಯಂ ಕಮ್ಮಿ ಇರಬಹುದು. ಶಿವಾಜಿನಗರ ಕೃಷಿ ಕಾಲೇಜಿನಾಗ ಮಣ್ಣು ಪರೀಕ್ಷಾ ವಿಚಾರಿಸ್ತೀನಿ, ಆಮ್ಯಾಲೆ ಬೇಕಾದ್ರ ತರೋಣ

ಠಾಣೆ ಮಾಮಾ: ನಾ ನಮ್ಮ ಬಾಲ್ಕನಿಯಾಗ ಹಾಕೇ ನೋಡ್ತೀನಿ

ನಾನು: ಒಂದ ಗಿಡಕ್ಕ ಹಾಕ್ರಿ ಮಾಮಾ, ಬಾಜೂದಕ್ಕ ಬರೇ ನೀರು, ಎರಡಕ್ಕೂ ದಿನಾ ಒಂದ ಅಳತಿ. ಫೋಟೋ ಕಳಸ್ರಿ. ಅಲ್ಲಿತನಕಾ ಈ ಫಾರ್ವರ್ಡ್ ಬ್ಯಾರೆ ಗ್ರೂಪ್‌ಗೆ ಕಳಸಬ್ಯಾಡ್ರಿ ಪ್ಲೀಸ್

ಸಣ್ಣ ಅತ್ಯಾ: ಕರೇ ಆದ ಕಾಯಿ ಒಗೀಲೇನು?

ನಾನು: ಗಿಡದಾಗ ಬಿಡಬ್ಯಾಡ್ರಿ, ಹರೀರಿ. ಕರೇ ಭಾಗ ಕೊಯ್ದು ತಗದು ಉಳಿದದ್ದು ಸಾರಿಗೆ ಹಾಕ್ರಿ, ಏನೂ ಆಗೂದಿಲ್ಲ

ತಂಗಿ: ಸಿಪ್ಪಿ ನಾನ ತರ್ತೀನಿ. ಪಾಳಿ ಪಟ್ಟಿ ಮಾತ್ರ ನೀನ ಬರದು ಹಾಕು, ಶನಿವಾರ ಎರಡು ಮನಿ ಇರಲಿ