ಹಡಗಿನಲ್ಲಿ ಹೊಟ್ಟೆ ತೊಳಸಿದರೆ ಏನು ಮಾಡೋದು? ಡಾಕ್ಟರನ್ನು ಕೇಳಿ

ಪ್ರಶ್ನೆ (ಶಿರಸಿಯಿಂದ):
ನಮಸ್ಕಾರ ಡಾಕ್ಟ್ರೇ. ಡಿಸೆಂಬರಿನಲ್ಲಿ ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಹಡಗಿನಲ್ಲಿ ಹೊರಟಿದ್ದೇವೆ. ನಾನು, ನಮ್ಮನೆಯವರು, ಏಳು ವರ್ಷದ ಮಗ, 68 ವರ್ಷದ ಆಯಿ. ಟಿಕೆಟ್ ಆಗಿದೆ, ಈಗ ಭಯ ಶುರುವಾಗಿದೆ. ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದಲ್ಲೇ ನನಗೂ ಮಗನಿಗೂ ವಾಂತಿ. ಕಾರಾದರೆ ನಿಲ್ಲಿಸಿ ಇಳಿಯಬಹುದು, ಹಡಗಿನಿಂದ ಎಲ್ಲಿ ಇಳಿಯೋದು? ಮನೆಯಲ್ಲಿ ಒಂಡಾನ್‌ಸೆಟ್ರಾನ್ ಮಾತ್ರೆ ಇದೆ. ಅದೇ ಸಾಕಾ? ಆಯಿಗೆ ಕಣ್ಣಿನ ಒತ್ತಡ ಇದೆ, ಡ್ರಾಪ್ಸ್ ಹಾಕುತ್ತಿದ್ದೇವೆ. ಘಟ್ಟದಲ್ಲಿ ಅವರಿಗೆ ಏನೂ ಆಗೋದಿಲ್ಲ.

ಉತ್ತರ (ಡಾಕ್ಟರು, ಕಾರವಾರ):
ಅಕ್ಕ, ಟಿಕೆಟ್ ರದ್ದು ಮಾಡಬೇಡಿ, ಇದಕ್ಕೆ ದಾರಿ ಇದೆ.

ಮೊದಲು ಮಾತ್ರೆ ವಿಷಯ. ಒಂಡಾನ್‌ಸೆಟ್ರಾನ್ ಬೇರೆ ಎಷ್ಟೋ ವಾಂತಿಗೆ ಒಳ್ಳೆಯದು, ಪ್ರಯಾಣದ ವಾಂತಿಗೆ ಅಷ್ಟಾಗಿ ಹಿಡಿಯುವುದಿಲ್ಲ. ಈ ವಾಂತಿ ಹುಟ್ಟೋದು ಹೊಟ್ಟೆಯಲ್ಲಲ್ಲ, ಒಳಕಿವಿಯಲ್ಲಿ. ಕ್ಯಾಬಿನ್ನಿನೊಳಗೆ ಕೂತರೆ ಗೋಡೆ, ಮಂಚ ಎಲ್ಲ ನಿಂತಲ್ಲೇ ಇದ್ದಂತೆ ಕಣ್ಣಿಗೆ ಕಾಣುತ್ತದೆ. ಒಳಕಿವಿಗೆ ಮಾತ್ರ ತೂಗಾಟ ಗೊತ್ತಾಗುತ್ತಲೇ ಇರುತ್ತದೆ. ಎರಡೂ ತಾಳೆಯಾಗದೆ ಮಿದುಳು ಗಲಿಬಿಲಿಗೊಳ್ಳುತ್ತದೆ. ಆಕಳಿಕೆ, ತಣ್ಣನೆ ಬೆವರು, ಬಾಯಲ್ಲಿ ನೀರೂರೋದು, ಆಮೇಲೆ ವಾಂತಿ.

ನಿಮಗೆ ಬೇಕಾದದ್ದು ಪ್ರೊಮೆಥಜಿನ್ (ಅವೊಮಿನ್ ಹೆಸರಲ್ಲಿ ಸಿಗುತ್ತದೆ) ಅಥವಾ ಸಿನ್ನರಿಜಿನ್ ತರಹದ ಮಾತ್ರೆ. ಅವೊಮಿನ್ ಆದರೆ ದೊಡ್ಡವರಿಗೆ 25 ಮಿ.ಗ್ರಾಂ., ಹಿಂದಿನ ರಾತ್ರಿ ಮಲಗುವಾಗ. ಮರೆತರೆ ಹಡಗು ಹತ್ತುವ ಒಂದೆರಡು ಗಂಟೆ ಮೊದಲು. ಮಗನಿಗೆ ಸಾಮಾನ್ಯವಾಗಿ ಅರ್ಧ ಮಾತ್ರೆ, ಅದೂ ನಿಮ್ಮ ಮಕ್ಕಳ ಡಾಕ್ಟರು ಹೂಂ ಅಂದ ಮೇಲೆ. ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬಂದುಬಿಡುತ್ತದೆ. ಮೊದಲೇ ತಗೊಳ್ಳಬೇಕು.

ನನ್ನದೊಂದು ಒತ್ತಾಯ. ಇದನ್ನು ಮೊದಲ ಸಲ ಹಡಗಿನಲ್ಲಿ ಪ್ರಯೋಗ ಮಾಡಬೇಡಿ. ಮುಂದಿನ ಸಲ ಕುಮಟಾಕ್ಕೆ ಇಳಿಯುವಾಗಲೇ ತಗೊಂಡು ನೋಡಿ. ದೇವಿಮನೆ ಘಟ್ಟಕ್ಕಿಂತ ಒಳ್ಳೆ ಪರೀಕ್ಷೆ ಇನ್ನೆಲ್ಲಿದೆ? ನಿದ್ದೆ ಎಷ್ಟು ಬರುತ್ತದೆ ಅಂತಲೂ ತಿಳಿಯುತ್ತದೆ. ಅವತ್ತು ನೀವು ಗಾಡಿ ಓಡಿಸಬಾರದು.

ಆಯಿಗೆ ಈ ಮಾತ್ರೆ ಸುಮ್ನೆ ಕೊಡಬೇಡಿ. ಕೆಲವು ಬಗೆಯ ಕಣ್ಣಿನ ಒತ್ತಡ ಇದರಿಂದ ಏರುತ್ತದೆ, ಕಣ್ಣಿನ ಡಾಕ್ಟರನ್ನೇ ಕೇಳಿ. ಪ್ರೊಸ್ಟೇಟ್ ತೊಂದರೆ ಇರುವ ಗಂಡಸರಿಗೂ ಇದೇ ಮಾತು. ವಯಸ್ಸಾದವರಿಗೆ ಮಂಪರು ಜಾಸ್ತಿ, ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳುವ ಭಯ. ವಯಸ್ಸಾದ ಹಾಗೆ ಪ್ರಯಾಣದ ವಾಂತಿ ಕಡಿಮೆಯಾಗುತ್ತದೆ. ಘಟ್ಟದಲ್ಲೂ ಏನೂ ಆಗದ ಆಯಿಗೆ ಮಾತ್ರೆಯೇ ಬೇಕಾಗಲಿಕ್ಕಿಲ್ಲ.

ಕ್ಯಾಬಿನ್ ಬದಲಿಸಲು ಆಗುತ್ತದಾ ಕೇಳಿ. ಹಡಗಿನ ನಡುಭಾಗ, ಕೆಳಗಿನ ಅಂತಸ್ತು ಒಳ್ಳೆಯದು. ತೊಟ್ಟಿಲಿನ ತುದಿ ಜಾಸ್ತಿ ಆಡುತ್ತದೆ ಅಲ್ವಾ, ಹಾಗೇ ಹಡಗಿನ ಮುಂಭಾಗವೂ.

ಒಮ್ಮೆ ಬೈತಕೋಲದಿಂದ ದೋಣಿಯಲ್ಲಿ ದೇವಗಡದ ದೀಪಸ್ತಂಭದ ಕಡೆ ಹೋಗಿದ್ದೆ. ಜೊತೆಗಿದ್ದ ಹುಡುಗ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ತುಟಿ ಬಿಳಿಚಿಕೊಂಡಿತು, ಮೂಗಿನ ಕೆಳಗೆ ಬೆವರ ಹನಿ. ದೋಣಿ ನಡೆಸುವ ತಾಂಡೇಲರು ಅವನ ಕೈಯಿಂದ ಮೊಬೈಲ್ ತೆಗೆದು, ಗಲ್ಲ ಹಿಡಿದು ಎತ್ತಿ, "ಸದಾಶಿವಗಡದ ಗುಡ್ಡ ನೋಡು, ಕಣ್ಣು ತೆಗೀಬೇಡ" ಅಂದರು. ಹತ್ತು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು. ನೀವೂ ಅಷ್ಟೇ ಮಾಡಿ. ಬಾಯಲ್ಲಿ ನೀರೂರಿದ ಕೂಡಲೇ ಡೆಕ್ಕಿಗೆ ಬಂದು ದೂರದ ಬಾನಂಚು ನೋಡಿ, ಗಾಳಿ ತಗೊಳ್ಳಿ. ರಾತ್ರಿಯಾದರೆ ಕಣ್ಣು ಮುಚ್ಚಿ ಅಂಗಾತ ಮಲಗಿ.

ಊಟ ಹಗುರ ಇರಲಿ. ಇಡ್ಲಿ, ಗಂಜಿ, ಬಿಸ್ಕತ್ತು ಸಾಕು. ಖಾಲಿ ಹೊಟ್ಟೆಯೂ ಬೇಡ. ಹಸಿಶುಂಠಿ ಚೂರು ಜಗಿಯುವುದರಿಂದ ಕೆಲವರಿಗೆ ಆರಾಮ ಆಗುತ್ತದೆ. ಮಾತ್ರೆ ತಗೊಂಡವರು ಮದ್ಯ ಮುಟ್ಟಬಾರದು. ವಾಂತಿ ಆದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ಏನೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಹಡಗಿನ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಹೊನ್ನಾವರದಿಂದ):
ಸರ್, ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾಕ್ಕೆ ಹೊರಟಿದ್ದೇನೆ. ನಾನೂ ಅವೊಮಿನ್ ತಗೊಳ್ಳಬಹುದಾ?

ಉತ್ತರ:
ಬೇಡ ತಮ್ಮ. ಮಂಪರು ತರುವ ಮಾತ್ರೆ ತಗೊಂಡು ನೀರಿನಡಿ ಇಳಿಯೋದು ಅಪಾಯ. ಬೆಳಗಿನ ಮೊದಲ ದೋಣಿ ಹಿಡಿ, ಮಧ್ಯಾಹ್ನ ಗಾಳಿ ಏರಿದರೆ ತೆರೆಯೂ ಏರುತ್ತದೆ. ದೋಣಿಯಲ್ಲೇ ಹೊಟ್ಟೆ ತೊಳಸಿದರೆ ಮುಚ್ಚಿಡಬೇಡ, ಡೈವ್ ಮಾಡಿಸುವವರಿಗೆ ಹೇಳು. ಅವತ್ತು ಇಳಿಯದಿದ್ದರೂ ಪರವಾಗಿಲ್ಲ.

ಪ್ರಶ್ನೆ (ಅಂಕೋಲಾದಿಂದ):
ನಮ್ಮನೆಯವರಿಗೆ ಶುಗರ್ ಇದೆ, ಇನ್ಸುಲಿನ್ ತಗೊಳ್ತಾರೆ. ವಾಂತಿ ಆದರೆ?

ಉತ್ತರ:
ಊಟ ಹೊಟ್ಟೆಯಲ್ಲಿ ನಿಲ್ಲದೆ ಎಂದಿನಷ್ಟೇ ಇನ್ಸುಲಿನ್ ತಗೊಂಡರೆ ಶುಗರ್ ದಿಢೀರ್ ಇಳಿಯಬಹುದು. ಹಾಗಂತ ಪೂರ್ತಿ ಬಿಡುವುದೂ ಸರಿಯಲ್ಲ. ಅಂಥ ದಿನ ಎಷ್ಟು ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರಿಂದ ಬರೆಸಿಕೊಳ್ಳಿ. ಗ್ಲುಕೋಮೀಟರ್, ಸಕ್ಕರೆ ಕೈಚೀಲದಲ್ಲೇ ಇರಲಿ.

ಶಿರಸಿಯ ಅಕ್ಕ:
ಡಾಕ್ಟ್ರೇ, ನಿನ್ನೆ ಘಟ್ಟ ಇಳಿದೆವು. ವಾಂತಿ ಇಲ್ಲ! ಮಗ ಕುಮಟಾದವರೆಗೂ ನಿದ್ದೆ ಮಾಡಿದ. ನನಗೆ ಬಾಯಿ ಒಣಗಿತು, ಅಷ್ಟೇ. ಹಡಗಿನಿಂದ ಇಳಿದ ಮೇಲೂ ನೆಲ ತೂಗುತ್ತದೆ ಅಂತಾರಲ್ಲ, ಹೌದಾ?

ಉತ್ತರ:
ತುಂಬಾ ಸಂತೋಷ ಆಯ್ತು ಅಕ್ಕ. ಬಾಯಿ ಒಣಗೋದು ಮಾತ್ರೆಯಿಂದಲೇ, ಹೆದರಬೇಡಿ. ನೆಲ ತೂಗೋದೂ ನಿಜ. ಎರಡು ಮೂರು ದಿನದಲ್ಲಿ ಮೈ ಹಡಗಿಗೆ ಒಗ್ಗಿಕೊಂಡಿರುತ್ತದೆ, ನೆಲಕ್ಕೆ ಮತ್ತೆ ಒಗ್ಗಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಅಲ್ಲಿವರೆಗೆ ಸ್ಕೂಟಿ ಬೇಡ. ವಾರಗಟ್ಟಲೆ ನಿಲ್ಲದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ.